ಲಿಫ್ಟರನ ಕೊರತೆ

೮ ಜನವರಿ ೧೯೯೭, ಬುಧವಾರ

ಪೇಪರ್ ಬಂಡಲ್ ಇವತ್ತೂ ತಡ. ಬೆಳಗಾವಿ ಬಸ್ಸು ಸಂಪಗಾಂವ ಹತ್ತಿರ ಪಂಕ್ಚರ್ ಆಗಿತ್ತಂತೆ. ಗಿರಾಕಿಗಳು ಬೈದರು. ಪೇಪರ್ ಹಂಚುವವನೂ ನಾನೇ, ಅದೇ ಪೇಪರಿಗೆ ಬೈಲಹೊಂಗಲದ ಸುದ್ದಿ ಕಳಿಸುವವನೂ ನಾನೇ. ಬಸ್ಸು ತಡವಾದರೂ ಬೈಗುಳ ನನಗೆ, ಸುದ್ದಿ ತಪ್ಪಾದರೂ ನನಗೆ.

ಸಂಜೆ ಗ್ರೌಂಡು. ವಾಲಿಬಾಲ್ ಟೀಮಿಗೆ ಈ ವರ್ಷವೂ ನಾನೇ ಮ್ಯಾನೇಜರ್. ಅಂದರೆ ನೆಟ್ ಕಟ್ಟಿಸುವುದು, ಲಿಂಬೆಹಣ್ಣು ತರುವುದು, ಜಗಳ ಬಿಡಿಸುವುದು. ರವಿವಾರ ಸವದತ್ತಿ ವಿರುದ್ಧ ಕ್ವಾರ್ಟರ್‌ಫೈನಲ್. ಕಲ್ಮೇಶನ ಸ್ಮ್ಯಾಶ್ ಬಿದ್ದಲ್ಲಿ ಧೂಳೇಳುತ್ತದೆ. ಆ ಸ್ಮ್ಯಾಶಿಗೆ ಬಾಲ್ ಎತ್ತಿ ಕೊಡುವ ಲಿಫ್ಟರ್ ಯುವರಾಜ. ಬಸ್ ಡಿಪೋ ಮೆಕ್ಯಾನಿಕ್ ಜಟ್ಟೆಪ್ಪನ ಮಗ, ಬಿ.ಎ. ಎರಡನೇ ವರ್ಷ. ಎಂಥ ಕೆಟ್ಟ ಬಾಲ್ ಬರಲಿ, ಅವನ ಬೆರಳಿಗೆ ತಾಗಿದ ಮೇಲೆ ಸಪ್ಪಳವಿಲ್ಲದೆ ಮೇಲೇಳುತ್ತದೆ. ಯಾರು ಹೊಡೆಯಬೇಕು, ಎಲ್ಲಿಂದ ಹೊಡೆಯಬೇಕು — ಎಲ್ಲ ಅವನ ಕೈಯಲ್ಲಿ.

ಇವತ್ತು ಕಲ್ಮೇಶ ಎರಡು ಬಾಲ್ ಹೊರಗೆ ಹೊಡೆದು ಅವನ ಮೇಲೇ ಹಾರಾಡಿದ.

"ಎಲ್ಲಿ ಕೊಡಾಕತ್ತೀಯೋ? ಮ್ಯಾಲಿನ ಕರೆಂಟ್ ವೈರಿಗೆ?"

"ನಿನ್ನ ಕೈಗೇ ಕೊಟ್ಟೇನಿ. ನೀ ಎದ್ದದ್ದ ತಡ. ಮಧ್ಯಾಹ್ನ ಎಷ್ಟ ರೊಟ್ಟಿ ಹೊಡದೀ?"

ಎಲ್ಲರೂ ನಕ್ಕರು. ಕಲ್ಮೇಶನೂ.

೧೨ ಜನವರಿ, ರವಿವಾರ ಸಂಜೆ

ಗೆದ್ದೆವು. ಎರಡೇ ಸೆಟ್. ಸವದತ್ತಿಯವರಿಗೆ ಉಸಿರಾಡಲು ಬಿಡಲಿಲ್ಲ.

ಎಂಟು ವರ್ಷದ ನಂತರ ಸೆಮಿಫೈನಲ್. ಮುಂದಿನ ರವಿವಾರ, ನಮ್ಮದೇ ಗ್ರೌಂಡಿನಲ್ಲಿ, ರಾಮದುರ್ಗದ ಮೇಲೆ. ನಿಜಗುಣಪ್ಪ ಸಾವಕಾರರು ಗ್ರೌಂಡಿನಲ್ಲೇ ಪೇಡೆ ಹಂಚಿದರು. ಅರಳೆ ಜಿನ್ನಿಂಗ್ ಫ್ಯಾಕ್ಟರಿ ಅವರದು. ಟೀಮಿನ ಅಂಗಿ, ಶೂಸು, ಬಸ್ ಚಾರ್ಜು, ಎಲ್ಲ ಅವರದೇ. ಕಲ್ಮೇಶ ಅವರ ತಮ್ಮನ ಮಗ. "ಶನಿವಾರ ಮಧ್ಯಾಹ್ನ ಎಲ್ಲಾರೂ ನಮ್ಮ ಮನಿಗೆ ಊಟಕ್ಕ" ಅಂದರು. ಇದು ಅವರ ತಂದೆಯವರು ಹಾಕಿದ ಪದ್ಧತಿ. ಟೀಮು ಸೆಮಿಫೈನಲ್ ಮುಟ್ಟಿದರೆ ಹಿಂದಿನ ದಿನ ಅವರ ಪಡಸಾಲೆಯಲ್ಲಿ ಪಂಕ್ತಿ ಊಟ, ಮನೆಯವರೇ ಬಡಿಸುವುದು. ಎಂಟು ವರ್ಷದಿಂದ ಪ್ರಸಂಗ ಬಂದಿರಲಿಲ್ಲ.

ಆಮೇಲೆ ಚಹಾದಂಗಡಿ. ಕಮಿಟಿಯವರೆಲ್ಲ ಇದ್ದರು. ಯುವರಾಜನನ್ನು ಹೊಗಳಿದ್ದೇ ಹೊಗಳಿದ್ದು. ನಾನು ಇದ್ದದ್ದನ್ನು ಹೇಳಿದೆ. ಕೈ ಒಳ್ಳೆಯದು, ತಲೆ ತಣ್ಣಗಿರುತ್ತದೆ. ಆದರೆ ಬ್ಯಾಕ್ ಲಿಫ್ಟ್ ಇಲ್ಲ. ಬೆನ್ನ ಹಿಂದಿನವನಿಗೆ ಬಾಲ್ ಎತ್ತಲು ಬರುವುದಿಲ್ಲ. ಬಿಗಿ ಹೊತ್ತಿನಲ್ಲಿ ಎಲ್ಲ ಬಾಲ್ ಕಲ್ಮೇಶನಿಗೇ. ರಾಮದುರ್ಗದವರು ಇದನ್ನು ಹಿಡಿಯುತ್ತಾರೆ.

ಸಾವಕಾರರು ಚಹಾ ಕೆಳಗಿಟ್ಟು ಕೇಳಿಸಿಕೊಂಡರು. "ಹೌದೇನ್ರಿ ಸತ್ಯಪ್ಪನವರ? ಹಿಂದಕ ಎತ್ತಾಕ ಬರೂದೇ ಇಲ್ಲ?"

"ಇಲ್ರಿ. ಕಲಿಸಬೇಕು."

೧೪ ಜನವರಿ, ಮಂಗಳವಾರ. ಸಂಕ್ರಾಂತಿ

ಎಳ್ಳು ಕೊಡಲು ಬಂದವರ ಬಾಯಲ್ಲೆಲ್ಲ ಬ್ಯಾಕ್ ಲಿಫ್ಟ್! ಅರಳೆ ದಲಾಲಿ ಕಾಡಪ್ಪ — ಹೆಸರಿಗೆ ಕಮಿಟಿ ಸದಸ್ಯ, ನೆಟ್ಟಿನ ಎತ್ತರ ಕೇಳಿದರೆ ಹೇಳಲು ಬರುವುದಿಲ್ಲ — ನನಗೇ ಪಾಠ ಮಾಡಿದ.

"ಬ್ಯಾಕ್ ಲಿಫ್ಟ್ ಇಲ್ಲದ ಲಿಫ್ಟರ್ ಅಂದ್ರ ಏನ್ರಿ ಅದು? ರಿವರ್ಸ್ ಗೇರ್ ಇಲ್ಲದ ಟ್ರ್ಯಾಕ್ಟರ್!"

"ರವಿವಾರ ಮುಂಜಾನಿ ಯುವರಾಜ ಹುಲಿ ಅಂದಿದ್ರಲಾ?"

"ಹುಲಿನೇರಿ. ಆದ್ರ ನೋಡ್ರಿ…"

ಎರಡು ದಿನದಲ್ಲಿ ಹುಲಿಗೆ ಏನಾಯಿತು?

೧೫ ಜನವರಿ, ಬುಧವಾರ

ಫ್ಯಾಕ್ಟರಿ ಆಫೀಸಿನಲ್ಲಿ ಕಮಿಟಿ ಮೀಟಿಂಗು. ಒಂದೇ ವಿಷಯ: ಯುವರಾಜ.

ಒಂದು ಕೊರತೆ ಹೇಳಿದವನು ನಾನು. ಇವರು ಅದಕ್ಕೆ ಕೈಕಾಲು ಹಚ್ಚಿದರು. ಎತ್ತರ ಸಾಲದು, ಬ್ಲಾಕಿಗೆ ಏಳುವುದಿಲ್ಲ. ದೊಡ್ಡ ಜನಸಂದಣಿ ನೋಡಿಲ್ಲ, ಹೆದರುತ್ತಾನೆ. ಸಿಟ್ಟು ಬಹಳ. ಹೆದರುವುದೂ ಅವನೇ, ಸಿಟ್ಟಿನವನೂ ಅವನೇ!

ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಸವದತ್ತಿಯ ಉದ್ದನೆಯ ಸ್ಮ್ಯಾಶರ್‌ನ ಬಾಲ್ ಬ್ಲಾಕ್ ಮಾಡಿದವನು ಯಾರು? ಹೋದ ವರ್ಷ ಕಿತ್ತೂರಿನಲ್ಲಿ ಸೋಲುವ ಮ್ಯಾಚು ತಿರುಗಿಸಿದವನು ಯಾರು? ಸುತ್ತ ಜನ ಕಲ್ಲು ಹಿಡಿದು ನಿಂತಿದ್ದರು, ಅವನ ಒಂದು ಬಾಲೂ ತಪ್ಪಲಿಲ್ಲ.

ಕಾಡಪ್ಪ: "ಅದೆಲ್ಲಾ ಬಿಡ್ರಿ. ಖರೇ ಲಿಫ್ಟರ್ ಎಡಚ ಇರಬೇಕು."

"ಯಾರ ಹೇಳಿದ್ರು?"

"ಎಲ್ಲಾರಿಗೂ ಗೊತ್ತೈತಿ."

ಸೆಮಿಫೈನಲ್‌ನಿಂದ ಮುಂದೆ ಹೊರಗಿನ ಒಬ್ಬ ಆಟಗಾರನನ್ನು ಇಳಿಸಬಹುದು ಎಂದು ಟೂರ್ನಮೆಂಟಿನ ನಿಯಮವಿದೆ. ಬೆಳಗಾವಿಯಿಂದ ಒಬ್ಬ ಲಿಫ್ಟರ್ ಬರುತ್ತಾನಂತೆ. ಮಾತಾಗಿ ಹೋಗಿದೆ. ಮೀಟಿಂಗಿಗೆ ಮೊದಲೇ ಆಗಿದೆ! ಹಾಗಾದರೆ ನಮ್ಮನ್ನು ಕರೆದದ್ದು ಯಾಕೆ, ಚಹಾ ಕುಡಿಯಲಿಕ್ಕೆ?

ಕೊನೆಗೆ ಸಾವಕಾರರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀವ ಹೇಳಿದ್ದ ಮಾತು ಸತ್ಯಪ್ಪನವರ. ನಾವೇನ ಹೊಸಾದ ಅಂದಿಲ್ಲ."

ಆ ಕೈ ಕೊಡವಿ ಹಾಕಬೇಕಿತ್ತು. ಹಾಕಲಿಲ್ಲ.

೧೬ ಜನವರಿ, ಗುರುವಾರ

ಮನೆಗೆ ಬಂದು ಹೆಂಡತಿ ಸಾವಿತ್ರೆವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತ ಕೇಳಿದಳು.

"ಅಲ್ರೀ, ಶನಿವಾರ ಊಟಾ ಎಲ್ಲಿ?"

"ಸಾವಕಾರ್ರ ಮನ್ಯಾಗ."

"ಪಂಕ್ತ್ಯಾಗ ಜಟ್ಟೆಪ್ಪನ ಮಗನ್ನ ಕುಂದರಸ್ತಾರೇನ?"

ಅವಳು ರೊಟ್ಟಿ ತಿರುವಿದಳು. "ಪೇಪರಿನ್ಯಾಗ ಬಂದಿದ್ರ ತಿಳೀತಿತ್ತು ನಿಮಗ."

ಇಷ್ಟೇ. ಯುವರಾಜನ ಮನೆ ಅಂಬೇಡ್ಕರ್ ನಗರದಲ್ಲಿ. ದಲಿತರ ಹುಡುಗ. ಎರಡು ವರ್ಷ ಅವರು ಕೊಟ್ಟ ಅಂಗಿ ತೊಟ್ಟು ಆಡಿದ, ಯಾರಿಗೂ ತೊಂದರೆಯಾಗಲಿಲ್ಲ. ಗ್ರೌಂಡಿನಲ್ಲಿ ಬಾಲ್ ಮುಟ್ಟಬಹುದು. ಪಡಸಾಲೆಯಲ್ಲಿ ಎಲೆ ಮುಂದೆ ಕೂಡುವ ದಿನ ಬಂತು ನೋಡಿ, ಲಿಫ್ಟರನಲ್ಲಿ ಕೊರತೆ ಕಂಡಿತು. ಆ ಮನೆಯಲ್ಲಿ ನಾನು ಎಷ್ಟು ಸಲ ಉಂಡಿಲ್ಲ. ಒಮ್ಮೆಯೂ ಹೊಳೆಯಲಿಲ್ಲ.

ಬೇಡ ಅನ್ನುವುದಾದರೆ ಬೇಡ ಅನ್ನಿರಿ, ಬಾಯಿ ಬಿಟ್ಟು ಅನ್ನಿರಿ! ಆಟದ ಮಾತು ಯಾಕೆ ಬೇಕು? ನನ್ನ ಮಾತು ಯಾಕೆ ಬೇಕು?

೧೭ ಜನವರಿ, ಶುಕ್ರವಾರ

ಫ್ಯಾಕ್ಟರಿಗೆ ಹೋಗಿ ನೇರವಾಗಿ ಕೇಳಿದೆ. ಊಟದ ಸಲುವಾಗಿ ಹುಡುಗನನ್ನು ಬಿಟ್ಟಿರಾ?

ಸಾವಕಾರರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕುರ್ಚಿ ಹತ್ತಿರ ಎಳೆದುಕೊಂಡರು.

"ನಂದೇನ ಇಲ್ರಿ. ನಾ ಹುಬ್ಬಳ್ಳಿ ಹೋಟೆಲಿನ್ಯಾಗ ಯಾರ ಸಂಗಾಟಾದ್ರೂ ಉಣತೇನಿ. ಅವ್ವಗ ವಯಸ್ಸಾಗೇತಿ. ಆಕಿ ಮನಸ ನೋಯಿಸಬಾರದು."

ಅಲ್ಲಿಂದ ನೆಟ್ಟಗೆ ಅವರ ಮನೆಗೆ ಹೋದೆ. ಅವರ ತಾಯಿ ತಂಗೆವ್ವಾರು ಅಂಗಳದಲ್ಲಿ ಬಿಸಿಲಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೇಳಿದೆ.

"ನನ್ನ ಯಾರ ಕೇಳಿದ್ರೋ ಸತ್ಯಪ್ಪಾ? ಕೇಳಿದ್ರ ನಾ ಏನಂತಿದ್ನೋ, ಅದ ಬ್ಯಾರೆ ಮಾತು. ಕೇಳೇ ಇಲ್ಲಲಾ! ಈ ಗಂಡಸೂರ ತಮಗ ಬ್ಯಾಡಾಗಿದ್ದಕ್ಕೆಲ್ಲಾ ನನ್ನ ಹೆಸರ ಹೇಳ್ತಾರ. ಮನ್ನೆ ಟೀವಿ ಕೊಳ್ಳಾಕೂ ಅವ್ವ ಬ್ಯಾಡ ಅಂದ್ಲು ಅಂದನಂತ. ನಾ ದಾರಿ ಕಾಯಾಕತ್ತೇನಿ, ಯಾವಾಗ ತರತಾನಂತ."

ನಗು ಬರಲಿಲ್ಲ. ಗ್ರೌಂಡಿಗೆ ಹೋಗಿ ಯುವರಾಜನಿಗೆ ಹೇಳಿದೆ: ನಾಳೆ ನನ್ನ ಜೊತೆ ಊಟಕ್ಕೆ ಬಾ. ಟೀಮಿನವರೆಲ್ಲ ಬರಬೇಕು ಅಂದಿದ್ದಾರೆ ಸಾವಕಾರರು, ನೀನೂ ಟೀಮು.

"ಅವರು ನನ್ನ ಕರದಾರೇನ್ರಿ ಕಾಕಾ?"

"ಎಲ್ಲಾರನ್ನೂ ಕರದಾರ. ನಾ ಅಲ್ಲೇ ಇದ್ದೆ."

೧೮ ಜನವರಿ, ಶನಿವಾರ, ೪ ಗಂಟೆ

ಆಗಿದ್ದು ಆಗಿದ್ದ ಹಾಗೆ ಬರೆಯುತ್ತೇನೆ.

ಒಂದು ಗಂಟೆಗೆ ನಾನು, ಯುವರಾಜ ಹೋದೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಪಡಸಾಲೆಯಲ್ಲಿ ಎಲೆ ಹಾಸಿ ಆಗಿತ್ತು. ಹುಡುಗರೆಲ್ಲ ಕೂತಿದ್ದರು. ಬೆಳಗಾವಿಯ ಲಿಫ್ಟರೂ. ಮೇಲೆ ಬಸವಣ್ಣನವರ ಫೋಟೊ, ಹೊಸ ಹಾರ.

ಸಾವಕಾರರು ಬಾಗಿಲಿಗೇ ಬಂದರು. ಮುಖದಲ್ಲಿ ನಗು.

"ಬರ್ರಿ ಸತ್ಯಪ್ಪನವರ. ಏನ ಯುವರಾಜಾ, ಬೆರಳಿಗೆ ಭಾಳ ಪೆಟ್ಟಾಗೇತಂತ? ವಿಶ್ರಾಂತಿ ತಗೋಬೇಕಿಲ್ಲೋ? ಡಬ್ಬಿ ಕಟ್ಟಿಸಿ ಕೊಡತೇನಿ, ಮನಿಗೆ ಒಯ್ಯಿ."

ಯುವರಾಜ ಎರಡೂ ಕೈ ಮುಂದೆ ಮಾಡಿ ತೋರಿಸಿದ. "ನನ್ನ ಕೈಗೆ ಏನೂ ಆಗಿಲ್ರಿ."

ಕಲ್ಮೇಶ ಎಲೆಯ ಮೇಲಿನ ಉಪ್ಪು ಸರಿಸುತ್ತಿದ್ದ. ಎರಡು ವರ್ಷ ಇವನು ಎತ್ತಿ ಕೊಟ್ಟ ಬಾಲ್ ಹೊಡೆದವನು! ಒಬ್ಬ, ಒಬ್ಬನಾದರೂ ಎದ್ದಿದ್ದರೆ… ಕಾಡಪ್ಪ ಒಳಗಿನಿಂದ ಕೂಗಿದ: "ಒಳಗಿನ ಪೆಟ್ಟು ಮ್ಯಾಲೆ ಕಾಣಂಗಿಲ್ಲೋ ತಮ್ಮಾ."

"ಅವ್ವಾರು ಬ್ಯಾಡ ಅಂದೇ ಇಲ್ಲಂತ್ರಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಿನ್ನೆ ನಾನೇ ಕೇಳೇನಿ. ಅವರನ್ನ ನೀವು ಕೇಳೇ ಇಲ್ಲಂತ."

ಸಾವಕಾರರ ನಗು ಈಗ ಹೋಯಿತು. "ಸತ್ಯಪ್ಪನವರ, ನೀವು ಉಣ್ಣಾಕ ಬಂದೀರೋ, ಪಂಚಾಯ್ತಿ ಮಾಡಾಕ ಬಂದೀರೋ?"

ಉಣ್ಣಲಿಲ್ಲ. ತಿರುಗಿ ನೋಡಿದರೆ ಯುವರಾಜ ಆಗಲೇ ಓಣಿಯ ತುದಿಯಲ್ಲಿದ್ದ. ಸೈಕಲ್ ತಳ್ಳಿಕೊಂಡು ಓಡಿದೆ. ನಾಳೆ ಆಟಗಾರರ ಚೀಟಿ ರೆಫ್ರಿಗೆ ಕೊಡುವವನು ನಾನು, ನಿನ್ನ ಹೆಸರೇ ಬರೆಯುತ್ತೇನೆ, ಬೆಳಿಗ್ಗೆ ಬಾ ಎಂದೆ.

"ಬರಂಗಿಲ್ರಿ."

"ಯಾಕ? ಬಿಟ್ಟುಕೊಡತೀಯೇನ ಅವರಿಗೆ?"

"ನಾಳೆ ಗೆದ್ರ ಫೈನಲ್ಲಿಗೆ ಮತ್ತ ಊಟಾ ಇಡ್ತಾರ. ಈ ಸಲ ಬೆರಳು ಆತು. ಆವಾಗ ಏನ ಮುರದೈತಿ ಅಂತಾರ್ರಿ, ಕಾಲು?"

ಅವನೇ ಮುಂದುವರಿಸಿದ. ದನಿ ಏರಿಸಲಿಲ್ಲ.

"ನಂಗ ಹಿಂದಕ ಎತ್ತಾಕ ಬರಂಗಿಲ್ಲ, ಖರೆ. ದಿನಾ ಗ್ರೌಂಡಿಗೆ ಬರತಿದ್ರಿ. ನನ್ನ ಮುಂದ ಅಂದಿದ್ರ ಕಲೀತಿದ್ನಲ್ರಿ ಕಾಕಾ. ಚಾದಂಗಡ್ಯಾಗ ಅವರ ಮುಂದ ಯಾಕ ಅಂದ್ರಿ?"

ಹೋದ.

ಅವನ ಮೇಲೂ ಸಿಟ್ಟು ಬಂತು. ಆಮೇಲೆ ಆ ಸಿಟ್ಟಿಗೆ ನೆಲೆಯೇ ಸಿಗಲಿಲ್ಲ.

೧೯ ಜನವರಿ, ರವಿವಾರ, ೪-೩೦

ಚೀಟಿಯಲ್ಲಿ ಯುವರಾಜನ ಹೆಸರೇ ಬರೆದೆ. ಆಟ ಶುರುವಾಗುವ ಸೀಟಿಯವರೆಗೂ ಕಾದೆ. ಬರಲಿಲ್ಲ. ರೆಫ್ರಿ ಬೇರೆ ಚೀಟಿ ಕೇಳಿದ. ನಾನು ಕೊಡಲಿಲ್ಲ, ಕಾಡಪ್ಪ ಬರೆದು ಕೊಟ್ಟ.

ಗೆದ್ದರು. ೧೫–೯, ೧೫–೧೧. ಬೆಳಗಾವಿಯ ಹುಡುಗ ಚೆನ್ನಾಗಿ ಆಡಿದ. ಬ್ಯಾಕ್ ಲಿಫ್ಟ್ ಸಲೀಸು. ರಾಮದುರ್ಗದವರು ಕಲ್ಮೇಶನನ್ನು ಕಾಯುತ್ತ ನಿಂತಾಗ ಹಿಂದಿನಿಂದ ಹೊಡೆಸಿದ. ನಾನು ಹೇಳಿದ್ದೆಲ್ಲ ಸರಿಯಾಗಿತ್ತು. ಇದು ಸುಳ್ಳಾಗಿದ್ದರೆ, ಸೋತಿದ್ದರೆ, ಎಷ್ಟು ಸಮಾಧಾನ ಇರುತ್ತಿತ್ತು. ನಮ್ಮೂರ ಟೀಮು ಸೋಲಲಿ ಎಂದು ಕೂತು ನೋಡಿದ್ದು ಇದೇ ಮೊದಲು.

ಸಾವಕಾರರು ಗುಲಾಲು ಮೆತ್ತಿದ ಮುಖದಲ್ಲೇ ನನ್ನ ಕಡೆ ಬಂದರು. ನಿನ್ನೆಯದು ಏನೂ ನಡೆದೇ ಇಲ್ಲ ಎಂಬಂತೆ.

"ಛಲೋ ಬರೀರಿ ಸತ್ಯಪ್ಪನವರ, ಪೇಪರಿಗೆ. ಯುವರಾಜನ್ನೂ ಬಿಡಬ್ಯಾಡ್ರಿ ಮತ್ತ. ಬೆರಳಿಗೆ ಪೆಟ್ಟಾಗಿದ್ದಕ್ಕ ಆಡಲಿಲ್ಲಂತ ಹಾಕ್ರಿ. ಹುಡುಗನ ಮರ್ಯಾದಿನೂ ಉಳೀಲಿ."

ಹುಡುಗನ ಮರ್ಯಾದೆ!

ಸುದ್ದಿ ಆರರ ಬಸ್ಸಿಗೆ ಹೋಗಬೇಕು. ಸಾವಿತ್ರೆವ್ವ ಚಹಾ ಇಟ್ಟು ಹೋದಳು. "ಬೆರಳು ಅಂತ ಬರದ್ರ ಈ ಮನ್ಯಾಗೂ ನಿಮಗ ಊಟಿಲ್ಲ" ಅಂದಳು. ಬರೆಯುವುದಿಲ್ಲ. ಆಡಲಿಲ್ಲ ಎಂದಷ್ಟೇ ಬರೆದು ಬಿಡಬಹುದು; ಓದಿದವರು ತಾವಾಗಿ ಬೆರಳು ಸೇರಿಸಿಕೊಳ್ಳುತ್ತಾರೆ. ಅದೂ ಆಗದು. ಆಫೀಸಿನವರು ಹಾಕುತ್ತಾರೋ, ಕತ್ತರಿಸುತ್ತಾರೋ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಬೈಲಹೊಂಗಲ, ಜ. ೧೯ — ಇಲ್ಲಿ ರವಿವಾರ ನಡೆದ ವಾಲಿಬಾಲ್ ಸೆಮಿಫೈನಲ್ ಪಂದ್ಯದಲ್ಲಿ ಸ್ಥಳೀಯ ತಂಡವು ರಾಮದುರ್ಗ ತಂಡವನ್ನು ೧೫–೯, ೧೫–೧೧ರಿಂದ ಸೋಲಿಸಿತು. ತಂಡದ ಕಾಯಂ ಲಿಫ್ಟರ್ ಯುವರಾಜ ಜಟ್ಟೆಪ್ಪ ಆಡಲಿಲ್ಲ. ಅವರ ಕೈಗೆ ಯಾವ ಪೆಟ್ಟೂ ಆಗಿರಲಿಲ್ಲ. ಪಂದ್ಯದ ಹಿಂದಿನ ದಿನ ತಂಡಕ್ಕೆ ಏರ್ಪಡಿಸಿದ್ದ ಊಟದಲ್ಲಿ, ಪಂಕ್ತಿಯಲ್ಲಿ ಉಳಿದ ಆಟಗಾರರ ಜೊತೆ ಅವರನ್ನು ಕೂಡಿಸಲಿಲ್ಲ.