ಅಂಗಳಕ್ಕೆ ಬಂದ ಸರ್ಕಾರದ ಕಾರು

ನ್ಯೂ ಹ್ಯಾಂಪ್‌ಶೈರ್
27 ಏಪ್ರಿಲ್ 2003

ಪ್ರೀತಿಯ ಅಡೆಲ್ ಅಕ್ಕ,

ಮಂಡಿನೋವು ಇಳಿಯಿತಾ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೈಕೋಬೇಡ. ಮನೆಯಲ್ಲಿ ಯಾರ ಮಾತು ನಂಬಬೇಕೋ ತಿಳಿಯದೆ ಕೂತಿದ್ದೆ.

ಮಾರ್ಚ್‌ನ ಊರಸಭೆಯಲ್ಲಿ ತೆರಿಗೆ ಏರಿಸುವ ಮಾತು ಬಂತು. ಬೇಡ ಎಂದು ನನ್ನ ಗಂಡ ರಾಯ್ಸ್ ಎದ್ದು ನಿಂತ. ನಮ್ಮ ತಮ್ಮ ಎಮೆಟ್ ಗೊತ್ತಲ್ಲ, ಸರ್ಕಾರ ಎಂದರೆ ಮೈಯೆಲ್ಲ ಉರಿ. ಅವನು ಸುಮ್ಮನಿದ್ದಾನೆಯೇ? "ಭಾವ, ನಿಮ್ಮ ಹಿತ್ತಲಿಗೆ ಸರ್ಕಾರ ಬರಬಾರದು. ಅದೇ ಸರ್ಕಾರ ಸಮುದ್ರ ದಾಟಿ ಇರಾಕನ್ನ ಯಾರು ಆಳ್ಬೇಕು ಅಂತ ಹೇಳಿದ್ರೆ ಚಪ್ಪಾಳೆ ತಟ್ತೀರಿ!" ಅಂದ. ಜನ ನಕ್ಕರು.

ರಾಯ್ಸ್ ಮುಖ ಕೆಂಪಾಯಿತು. "ಬೆಂಕಿ ನಿನ್ನ ಬೇಲಿಗೆ ಬರೋ ತನಕ ಕೂತಿರು. ದೇಶ ಕಾಯೋಕೆ ಸೈನ್ಯ ಬೇಕು ಕಣಯ್ಯ. ನೀನು ಹೀಗೆ ಬೈಕೊಂಡು ತಿರುಗೋದೂ ಅವರ ದಯೆಯಿಂದ್ಲೇ."

"ಯುದ್ಧ ಮುಗಿದ್ಮೇಲೆ ಸರ್ಕಾರ ಚಿಕ್ಕದಾಗತ್ತಾ, ದೊಡ್ಡದಾಗತ್ತಾ? ಅಷ್ಟು ಹೇಳಿ ಸಾಕು."

ಕೆಲವೇ ದಿನಕ್ಕೆ ಎಮೆಟ್‌ನ ಅಂಗಳದಲ್ಲಿ ಸರ್ಕಾರದ ಕಾರು ನಿಂತಿತು. ಸೂಟು ತೊಟ್ಟ ಇಬ್ಬರು ಇಳಿದರು. "ವಾರಂಟ್ ಇದೆಯಾ? ಇಲ್ಲಾಂದ್ರೆ ನಡೀರಿ" ಎಂದು ಎಮೆಟ್ ಅವರ ಮಾತೂ ಕೇಳದೆ ಬಾಗಿಲು ಹಾಕಿದ. ಅವರು ಅಕ್ಕಪಕ್ಕದವರನ್ನು ವಿಚಾರಿಸಿದರು: ಈತ ದೇಶದ ವಿರುದ್ಧ ಮಾತಾಡ್ತಾನಾ? ಹೊರದೇಶದ ಸ್ನೇಹಿತರಿದ್ದಾರಾ? ಯಾಕೆ ಎಂದು ಹೇಳಲಿಲ್ಲವಂತೆ.

"ನಿನ್ನ ಗಂಡಂದೇ ಕೆಲಸ ಅಕ್ಕ" ಎಂದ ಎಮೆಟ್. ನಮ್ಮ ಮನೆಗೆ ಬರುವುದೇ ಬಿಟ್ಟ.

ಅವನು ನನ್ನ ತಲೆಗೆ ಹುಳ ಬಿಟ್ಟು ಹೋದ. ನಾನು ಗಂಡನನ್ನೇ ಕದ್ದು ನೋಡತೊಡಗಿದೆ. ಫೋನು ಬಂದರೆ ರಾಯ್ಸ್ ಕೊಟ್ಟಿಗೆಗೆ ಹೋಗುತ್ತಿದ್ದ, ನಾನು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಕೊನೆಗೆ ಕೇಳಿಯೇ ಬಿಟ್ಟೆ. "ಅವನ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಸಾರ್ತೀನಿ. ಚಾಡಿ ಹೇಳೋನಲ್ಲ ನಾನು" ಎಂದ. ಹೇಳುವಾಗ ಮುಖ ಮಾತ್ರ ಎತ್ತಲಿಲ್ಲ, ಬೂಟಿನ ದಾರ ಕಟ್ಟುತ್ತಲೇ ಇದ್ದ.

ಈಸ್ಟರ್ ಊಟಕ್ಕೆ ಎಮೆಟ್‌ನನ್ನು ಅವನ ಮಗಳು ಕೊರಿನ್ ಎಳೆದುಕೊಂಡು ಬಂದಳು. ಹೆಂಡತಿ ತೀರಿಕೊಂಡ ಮೇಲೆ ಅವನಿಗಿರುವುದು ಅವಳೊಬ್ಬಳೇ. "ಅಪ್ಪ, ಭೂಪಟ ಕಚೇರಿ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮನೆಯವರ ಬಗ್ಗೆ ವಿಚಾರಿಸೋಕೆ ಬಂದಿದ್ರು, ಅಷ್ಟೇ" ಎಂದಳು.

"ನನ್ನ ಮಗಳಾಗಿ ಸರ್ಕಾರದ ಸಂಬಳಾನಾ!" ಎಂದು ಎಮೆಟ್ ಕೂಗಾಡಿದ. ಆಮೇಲೆ ಎದ್ದು, ಮೇಜಿನ ಮೇಲಿಂದ ರಾಯ್ಸ್‌ಗೆ ಕೈ ಚಾಚಿದ. "ಭಾವ, ನಿಮ್ಮ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು."

"ಇರ್ಲಿ ಬಿಡೋ" ಎಂದು ರಾಯ್ಸ್ ಕೈ ಕುಲುಕಿದ. ಕೊರಿನ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ನಿನ್ನನ್ನೂ ಮೊಮ್ಮಕ್ಕಳನ್ನೂ ದೇವರು ತಣ್ಣಗಿಟ್ಟಿರಲಿ. ಮೆಟ್ಟಿಲು ಹತ್ತುವಾಗ ಜೋಪಾನ.

ನಿನ್ನ ತಂಗಿ,
ವರ್ನಾ

ಮರೆತೆ ಎನ್ನಲಾರೆ ಅಕ್ಕ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಭೂಪಟ ಕಚೇರಿ ಸುಳ್ಳು. ಕೊರಿನ್ ಚಳಿಗಾಲದಲ್ಲೇ ಸೈನ್ಯ ಸೇರಿದ್ದಾಳೆ; ಕಾರಿನಲ್ಲಿ ಬಂದವರು ವಿಚಾರಿಸಿದ್ದೂ ಅದಕ್ಕೇ. ಭರ್ತಿ ಕಚೇರಿಗೆ ಕರೆದುಕೊಂಡು ಹೋದವನು ರಾಯ್ಸ್; ಕೊಟ್ಟಿಗೆಯಲ್ಲಿ ಮಾತಾಡುತ್ತಿದ್ದ ಫೋನೂ ಅವಳದ್ದೇ. ಮುಂದೆ ಇರಾಕಿಗಂತೆ. "ಅಪ್ಪಂಗೆ ನಾನೇ ಹೇಳ್ತೀನಿ ಅತ್ತೆ, ನೀವು ಬಾಯಿ ಬಿಡ್ಬೇಡಿ" ಎಂದಳು ನಿನ್ನೆ. ಇವತ್ತು ಬೆಳಿಗ್ಗೆ ಎಮೆಟ್ ತಾನೇ ಕಾಯಿಸಿದ ಮೇಪಲ್ ಪಾಕದ ಡಬ್ಬಿ ತಂದು, "ಭಾವನಿಗೆ ಕೊಡು" ಅಂತ ನನ್ನ ಕೈಗಿಟ್ಟು ಹೋದ. ಇಸಕೊಂಡೆ.