ಆರ್ವಿಲ್ ಟ್ವೈಟ್ ಅವರ ಸೊನ್ನೆ

ಜನವರಿ 21, ಮಂಗಳವಾರ

ಮುದುಕರ ಮನಸ್ಸು ಎಷ್ಟು ಕುಗ್ಗಿದೆಯೆಂದು ಅಳೆಯುವ ನಮ್ಮ ಪ್ರಶ್ನೆಹಾಳೆಯಲ್ಲಿ ಸೊನ್ನೆ ಬಂದರೆ ಚಿಂತೆಯಿಲ್ಲ ಎಂದರ್ಥ. ನರ್ಸಾಗಿ ನಾನು ಮನೆಗೇ ಹೋಗಿ ನೋಡುವ ಆರ್ವಿಲ್‌ಗೆ ಬೆಳಿಗ್ಗೆ ಬಂದದ್ದು ಸೊನ್ನೆ.

"ಬದುಕು ಖಾಲಿ ಅನ್ಸುತ್ತಾ ಅಂತ ಕೇಳಿದೀರಲ್ಲ ಸಿಸ್ಟರ್, ಹೂಂ ಅಂತ ಬರೆಯೋ ಗಂಡಸು ಮಿನೆಸೋಟದಲ್ಲಿ ಯಾರಿದಾನೆ?" ಎಂದು ನಕ್ಕರು. ನಾನೂ ನಕ್ಕೆ. ಇಲ್ಲಿ 'ಪರವಾಗಿಲ್ಲ' ಎನ್ನುವುದೇ ಮರ್ಯಾದೆ. ನನ್ನಪ್ಪ ಕಾಲು ಮುರಿದುಕೊಂಡಾಗಲೂ ಅದನ್ನೇ ಹೇಳಿದ್ದ.

ಹೊರಡುವಾಗ ನೋಡಿದರೆ ಅಂಗಳ ಬೋಳಾಗಿತ್ತು; ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯಲು ಎಳೆದೊಯ್ಯುವ ಅವರ ಪುಟ್ಟ ಗುಡಿಸಲು ಅಲ್ಲಿರಲಿಲ್ಲ. "ಗುಡಿಸಲು ಆಗಲೇ ಕೆರೆಗೆ ಎಳೆದಾಯ್ತಾ?" ಎಂದೆ.

"ಪಕ್ಕದ್ಮನೆಯವನಿಗೆ ಕೊಟ್ಬಿಟ್ಟೆ. ಐಸ್ ಕೊರೆಯೋ ಯಂತ್ರಾನೂ."

ಕೆರೆಯ ಐಸ್ ಗಟ್ಟಿಯಾಗಿ ಮೀನು ಗಾಳ ಕಚ್ಚುವ ಈ ತಿಂಗಳಲ್ಲಿ! ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡುವುದು ಬದುಕು ಸಾಕೆನಿಸಿದವರ ಲಕ್ಷಣ; ಅದನ್ನು ಕೇಳುವ ಪ್ರಶ್ನೆ ಹಾಳೆಯಲ್ಲಿಲ್ಲ. ನಾನೋ, ಸೊನ್ನೆ ಬರೆದುಕೊಂಡು ಕಾರು ಹತ್ತಿದೆ. ಥೂ.

ಸಂಜೆ ವಾಪಸು ಹೋದೆ. ದೀಪ ಹಾಕದೆ, ಕೋಟು ತೊಟ್ಟುಕೊಂಡೇ ಕೂತಿದ್ದರು.

"ಗುಡಿಸಲು ಯಾಕೆ ಕೊಟ್ರಿ, ಆರ್ವಿಲ್?"

ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಆಮೇಲೆ, "ಆ ಹಾಳೆ ಇನ್ನೊಂದ್ಸಲ ಕೊಡಿ."

ಪರೀಕ್ಷೆಗೆ ಕೂತ ಹುಡುಗನಂತೆ, ನನಗೆ ಕಾಣದ ಹಾಗೆ ಕೈ ಅಡ್ಡ ಇಟ್ಟುಕೊಂಡು ಬರೆದರು.

ಡಾಕ್ಟರಿಗೆ ಹೇಳಿದ್ದೇನೆ. ರಾತ್ರಿ ಅವರ ತಂಗಿ ಜೊತೆಗಿರುತ್ತಾರೆ. ಅವರು ಬರೆದ ಉತ್ತರಗಳ ಅಂಕ ಕೂಡಿಸಲು ನನಗಿನ್ನೂ ಮನಸ್ಸು ಬಂದಿಲ್ಲ. ಸೊನ್ನೆಯಲ್ಲ ಎನ್ನುವುದಷ್ಟೇ ಸಾಕು, ಇವತ್ತಿಗೆ.