ಹದಿನೇಳನೆಯ ಟ್ಯೂಬಿನ ಮನೆತನ

ಜೂನ್ 3, ಬೆಳಿಗ್ಗೆ 9.40, ಲ್ಯಾಬ್

ಈ ಕೆಳಗೆ ಸಹಿ ಮಾಡದಿರುವ ನಾನು ತಪ್ಪೊಪ್ಪಿಕೊಳ್ಳುವುದೇನೆಂದರೆ — ಸಂಸ್ಥೆಯ ಎರಡು ಹತ್ತಿಕಡ್ಡಿ ಕದ್ದಿದ್ದೇನೆ. ಒಂದು ನನ್ನ ಮೂರು ವರ್ಷದ ಮಗಳ ಗಂಟಲಿಗೆ, ಇನ್ನೊಂದು ಶಿಶುವಿಹಾರದ ಆಯಮ್ಮನ ಮೊಮ್ಮಗನ ಗಂಟಲಿಗೆ. ಟ್ಯೂಬು ಹದಿನೇಳು ಅವಳದು, ಹದಿನೆಂಟು ಅವನದು. ಅರ್ಜಿಯಿಲ್ಲ, ಅನುಮತಿಯಿಲ್ಲ. ಇಬ್ಬರಿಗೂ ಕೈ-ಕಾಲು-ಬಾಯಿ ರೋಗ. ಮಗಳು ನೀರು ನುಂಗಲೂ ಅಳುತ್ತಾಳೆ.

ಆ ಹುಡುಗನೇ ಅಂಟಿಸಿದ್ದು. ಶಿಶುವಿಹಾರದ ಮೇಡಂಗೂ ಹೇಳಿಬಿಟ್ಟೆ. ರಿಪೋರ್ಟ್ ಬರುವವರೆಗೆ ಆಯಮ್ಮ ಕೆಲಸಕ್ಕೆ ಬರುವಂತಿಲ್ಲ. ನನ್ನ ಮಾತು ನಿಜವಾದರೆ ಆಮೇಲೂ ಬರುವುದು ಬೇಡವಂತೆ.

"ಚೆನ್ನಾಗಿ ನೋಡ್ಕೊಳ್ಳಿ ಸಾರ್," ಎಂದಳು ಆಯಮ್ಮ, ಮೊಮ್ಮಗನ ಬಾಯಿ ಅಗಲಿಸಿ. "ನಮ್ಮದೇನೂ ಮುಚ್ಚುಮರೆ ಇಲ್ಲ."

ಇಷ್ಟು ಧೈರ್ಯವೇಕೆ? ಗುಮಾನಿ ಹೆಚ್ಚಾಯಿತು.

ಜೂನ್ 4

ಹೆಂಡತಿ: "ನಿಮ್ಮ ಲ್ಯಾಬಿಂದಲೇ ಬಂದಿರಬಾರದಾ?"

ನಕ್ಕೆ. ಹದಿನಾಲ್ಕು ವರ್ಷದಲ್ಲಿ ನನ್ನ ಮೇಜಿನಿಂದ ಒಂದು ವೈರಸ್ಸೂ ಹೇಳದೆ ಕೇಳದೆ ಹೊರಗೆ ಹೋಗಿಲ್ಲ.

"ಅವೇನು ಹೇಳಿ ಹೋಗ್ತಾವಾ?"

ಜೂನ್ 9, ಮಧ್ಯಾಹ್ನ

ವೈರಸ್ಸಿನ ಜೀನು ಓದಿ ಯಾವ ಮನೆತನದ್ದೆಂದು ಹೇಳುವುದು ನನ್ನ ಹೊಟ್ಟೆಪಾಡು. ಇವತ್ತು ಎರಡೂ ಟ್ಯೂಬಿನ ಫಲಿತಾಂಶ ಬಂತು. ಹುಡುಗನದ್ದು ಎ16 ಮನೆತನ. ಮಗಳದ್ದು ಎ6. ಒಂದಕ್ಕೊಂದು ಮುಖಪರಿಚಯವೂ ಇಲ್ಲ. ಮೆದುಳಿಗೆ ನುಗ್ಗುವ ಎ71 ಅಲ್ಲವಲ್ಲ, ಸದ್ಯ.

ಆದರೆ ಮಗಳ ವೈರಸ್ಸು, ಏಪ್ರಿಲ್ ಕೊನೆಯಲ್ಲಿ ದೂರದ ಆಸ್ಪತ್ರೆಯಿಂದ ನನ್ನ ಮೇಜಿಗೆ ಬಂದಿದ್ದ ಸ್ಯಾಂಪಲ್ಲಿಗೆ ಅಕ್ಷರಕ್ಕೆ ಅಕ್ಷರ ಸರಿ. ಪಕ್ಕದ ಮೇಜಿನ ಸಹೋದ್ಯೋಗಿ, ನಾನು ಗ್ಲೌಸಪ್ಪ ಎಂದು ಹೆಸರಿಟ್ಟವನು, ಅವನದೇ ಕೈವಾಡ. ಆ ಹಳೆಯ ಸ್ಯಾಂಪಲ್ಲನ್ನು ಮಗಳ ಟ್ಯೂಬಿಗೆ ಬೆರೆಸಿದ್ದಾನೆ. ಎರಡು ಜೊತೆ ಗ್ಲೌಸ್ ಹಾಕುವವನ ಕೈ ಎಷ್ಟು ಶುದ್ಧವೋ...

ಆಯಮ್ಮನ ಫೋನು. "ಬಂತಾ ಸಾರ್?"

"ಇನ್ನೂ ಇಲ್ಲಮ್ಮ," ಎಂದೆ.

ಜೂನ್ 10

ಗ್ಲೌಸಪ್ಪನನ್ನು ನೇರವಾಗಿ ಕೇಳಿದೆ. ಸಿಟ್ಟಾಗಲಿಲ್ಲ — ಅದೂ ಅನುಮಾನಾಸ್ಪದ.

"ಮಗುದು ಇನ್ನೊಂದು ಸ್ಯಾಂಪಲ್ ತನ್ನಿ ಗುರುಗಳೇ. ಬೇರೆ ರೂಮಲ್ಲಿ, ನಿಮ್ಮ ಕಣ್ಣೆದುರೇ ಮಾಡೋಣ."

ಜೂನ್ 13

ಹೊಸ ಸ್ಯಾಂಪಲ್ಲೂ ಅದೇ ಎ6. ಅದೇ ಅಕ್ಷರಗಳು.

ಗ್ಲೌಸಪ್ಪ ಕಂಪ್ಯೂಟರ್ ಪರದೆ ಬಿಟ್ಟು ನನ್ನ ಕೈ ನೋಡುತ್ತಿದ್ದ. "ಹೆಬ್ಬೆರಳ ಉಗುರು ಯಾಕೆ ಬುಡದಿಂದ ಎದ್ದಿದೆ?"

"ಪಾತ್ರೆ ಸೋಪು."

"ನೀವು ಪಾತ್ರೆ ತೊಳೀತೀರಾ?"

ತೊಳೆಯುವುದಿಲ್ಲ. ಎ6 ಬಂದುಹೋದ ತಿಂಗಳೊಪ್ಪತ್ತಿಗೆ ಕೆಲವರ ಉಗುರು ಕಳಚುತ್ತದೆ. ಟ್ರೇನಿಗಳಿಗೆ ಆ ಪಾಠ ಮಾಡುವವನೇ ನಾನು. ಮೇ ಮೊದಲ ವಾರ ಎರಡು ದಿನ ಗಂಟಲು ನೋವಿತ್ತು. ತಪ್ಪನ್ನು ಐಸ್‌ಕ್ರೀಮಿನ ಮೇಲೆ ಹಾಕಿದ್ದೆ.

ಅದೇ ದಿನ, ಸಂಜೆ 6.15

ಆಯಮ್ಮನದೇನೂ ತಪ್ಪಿಲ್ಲವೆಂದು ಮೇಡಂಗೆ ಬರೆದು ಕಳಿಸಿದೆ. ಆಯಮ್ಮನಿಗೆ ನಾನೇ ಹೇಳಬೇಕು. ಹೆಂಡತಿಗೂ. ಅವಳ ನಗು ಈಗಲೇ ಕೇಳಿಸುತ್ತಿದೆ.

ಫೋನು ಎದುರಿಗಿದೆ. ಮುಟ್ಟಲು ಹೆದರಿಕೆ. ಲ್ಯಾಬಿನಲ್ಲಿ ರಿಂಗಾದರೆ ಗ್ಲೌಸ್ ಬಿಚ್ಚಲು ಸೋಮಾರಿತನ... ಹಾಗೆಯೇ ಎತ್ತುತ್ತಿದ್ದೆ. ಒಂದು ದಿನವಲ್ಲ, ಹದಿನಾಲ್ಕು ವರ್ಷ. ಮನೆಗೆ ಬಂದರೆ ಮಗಳು ಊಟ ಮಾಡುವುದು ಇದರಲ್ಲಿ ಕಾರ್ಟೂನ್ ನೋಡುತ್ತಾ. ಮುಗಿದ ಮೇಲೆ ಇದರ ಮೂಲೆಯನ್ನು ಬಾಯಲ್ಲಿ—